ದೂರು ಪತ್ರ: ‘ಮೊದಲ ಪ್ರೆಸ್ಸಿಂಗ್’ ಎಂದು ಮಾರಿದ ಎರಡು ಸೋಲ್ ರೆಕಾರ್ಡುಗಳ ಬಗ್ಗೆ

ಇಂದ,
ತಮ್ಮ ಗ್ರಾಹಕ,
ಜಯನಗರ, ಬೆಂಗಳೂರು

ಇವರಿಗೆ,
ಗ್ರಾಹಕ ದೂರು ವಿಭಾಗದ ಅಧಿಕಾರಿಗಳು,
ಆನ್‌ಲೈನ್ ಮಾರಾಟ ವಿಭಾಗ

ವಿಷಯ: ತಪ್ಪು ವರ್ಷ ನಮೂದಿಸಿ ಮಾರಿದ ಎರಡು ಎಲ್‌ಪಿ ರೆಕಾರ್ಡುಗಳನ್ನು ವಾಪಸು ಪಡೆದು ಹಣ ಮರಳಿಸುವ ಕುರಿತು.

ಮಾನ್ಯರೇ,

ಕಳೆದ ತಿಂಗಳ 9ರಂದು ತಮ್ಮ ಜಾಲತಾಣದಲ್ಲಿ ನಾನು ಸೋಲ್ ಎಂಬ ಅಮೆರಿಕನ್ ಹಾಡುಗಾರಿಕೆಯ ಎರಡು ಹಳೆಯ ರೆಕಾರ್ಡುಗಳನ್ನು ಕೊಂಡೆ. ಒಂದು, ಅರೀಥಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯು’, ಸ್ಟೀರಿಯೊ, ಅಟ್ಲಾಂಟಿಕ್ ಕಂಪನಿಯ ಕ್ರಮಸಂಖ್ಯೆ ಎಸ್‌ಡಿ 8139, ಬೆಲೆ 11,800 ರೂಪಾಯಿ. ಇನ್ನೊಂದು, ಓಟಿಸ್ ರೆಡಿಂಗ್ ಅವರ ‘ಓಟಿಸ್ ಬ್ಲೂ’, ಬೆಲೆ 14,500 ರೂಪಾಯಿ. ಮೊದಲನೆಯದಕ್ಕೆ ‘1967ರ ಮೊದಲ ಪ್ರೆಸ್ಸಿಂಗ್’ (ಅಂದರೆ ರೆಕಾರ್ಡು ಮೊದಲು ಹೊರಬಂದಾಗಲೇ ಅಚ್ಚಾದ ಪ್ರತಿ) ಎಂದೂ ಎರಡನೆಯದಕ್ಕೆ ‘1965ರ ಮೂಲ ವೋಲ್ಟ್ ಪ್ರತಿ’ (ವೋಲ್ಟ್ ಎಂಬುದು ಬ್ರಾಂಡಿನ ಹೆಸರು) ಎಂದೂ ತಾವು ವಿವರ ಕೊಟ್ಟಿದ್ದಿರಿ. ಕೈಗೆ ಬಂದ ಪ್ರತಿಗಳು ಆ ವರ್ಷಗಳವಲ್ಲ. ‘ರೆಸ್ಪೆಕ್ಟ್’ ಹಾಡು ಎರಡರಲ್ಲೂ ಇದೆ; ಬರೆದವರು ರೆಡಿಂಗ್, ಎರಡು ವರ್ಷದ ಬಳಿಕ ಅದನ್ನು ತಮ್ಮದಾಗಿಸಿಕೊಂಡವರು ಫ್ರಾಂಕ್ಲಿನ್. ಅದು ಮೊದಲು ಅಂಗಡಿಗೆ ಬಂದಾಗಿನ ರೆಕಾರ್ಡುಗಳಲ್ಲೇ ಎರಡನ್ನೂ ಒಂದರ ಹಿಂದೊಂದು ಕೇಳಬೇಕೆಂಬ ಬಹುದಿನದ ಆಸೆಯಿಂದ ಇಷ್ಟು ಹಣ ಕೊಟ್ಟೆ. ಹಾಡು ಮಾತ್ರ ಸಾಕಾಗಿದ್ದರೆ ಮೊಬೈಲಿನಲ್ಲೇ ಕೇಳಬಹುದಿತ್ತು.

ಫ್ರಾಂಕ್ಲಿನ್ ಅವರ ರೆಕಾರ್ಡಿನ ನಡುವಿನ ದುಂಡು ಕಾಗದದ ಲೇಬಲ್ಲನ್ನು ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದ್ದೇನೆ. ಅದು ಕೆಂಪು ಹಸಿರು ಬಣ್ಣದ್ದು. ಅಂಚಿನ ಸುತ್ತ ಸಣ್ಣಕ್ಷರದಲ್ಲಿ 75, ರಾಕ್‌ಫೆಲರ್ ಪ್ಲಾಜಾ, ನ್ಯೂಯಾರ್ಕ್ ಎಂಬ ವಿಳಾಸವಿದೆ, ಅದರ ಜೊತೆಗೆ ವಾರ್ನರ್ ಕಮ್ಯುನಿಕೇಶನ್ಸ್ ಕಂಪನಿಯ ಹೆಸರಿದೆ. ಈ ರೆಕಾರ್ಡು ಮೊದಲು ಹೊರಬಂದದ್ದು 1967ರ ಮಾರ್ಚಿನಲ್ಲಿ. ಆಗ ಅಟ್ಲಾಂಟಿಕ್‌ನ ಸ್ಟೀರಿಯೊ ಎಲ್‌ಪಿಗಳ ಲೇಬಲ್ ಹಸಿರು ನೀಲಿ ಬಣ್ಣದ್ದಾಗಿತ್ತು. ಕೆಂಪು ಹಸಿರಿನ ಲೇಬಲ್ ಬಂದದ್ದು 1960ರ ದಶಕದ ಕೊನೆಗೆ, ಅದರ ಅಂಚಿನಲ್ಲಿ ಮೊದಲು ಇದ್ದದ್ದು 1841, ಬ್ರಾಡ್‌ವೇ ಎಂಬ ವಿಳಾಸ. ರಾಕ್‌ಫೆಲರ್ ಪ್ಲಾಜಾ ಅದಕ್ಕೂ ಈಚಿನದು. ಇನ್ನು ವಾರ್ನರ್ ಹೆಸರಿನ ಮಾತು. 1967ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಯಾರ ಕೈಕೆಳಗೂ ಇರಲಿಲ್ಲ, ಅದನ್ನು ವಾರ್ನರ್ ಬ್ರದರ್ಸ್ ಸೆವೆನ್ ಆರ್ಟ್ಸ್ ಕೊಂಡದ್ದು ಆ ವರ್ಷದ ಕೊನೆಯ ಭಾಗದಲ್ಲಿ, ‘ವಾರ್ನರ್ ಕಮ್ಯುನಿಕೇಶನ್ಸ್’ ಎಂಬ ಹೆಸರು ಹುಟ್ಟಿದ್ದಂತೂ 1972ರಲ್ಲಿ. ಹೀಗಿರುವಾಗ ಐದು ವರ್ಷದ ನಂತರ ಹುಟ್ಟಲಿದ್ದ ಹೆಸರನ್ನು 1967ರಲ್ಲಿ ಅಚ್ಚು ಹಾಕಿದರೆಂದು ನಂಬಲು ನನಗೆ ಸಾಧ್ಯವಿಲ್ಲ.

ಇದನ್ನು ಇಮೇಲ್ ಮೂಲಕ ತಿಳಿಸಿದಾಗ ತಮ್ಮ ಸಿಬ್ಬಂದಿ ಎರಡು ಉತ್ತರ ಕೊಟ್ಟರು. ಕವರಿನ ಹಿಂಬದಿಯಲ್ಲಿ 1967 ಎಂದಿದೆ, ಆದ್ದರಿಂದ ರೆಕಾರ್ಡು 1967ರದ್ದೇ ಎಂಬುದು ಮೊದಲ ಉತ್ತರ. ಅದು ಹಕ್ಕುಸ್ವಾಮ್ಯದ ವರ್ಷ. ನಮ್ಮ ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆ ಪುಟದ ಹಿಂದೆ ‘ಮೊದಲ ಮುದ್ರಣ’, ‘ಮೂರನೆಯ ಮುದ್ರಣ’ ಎಂದು ವರ್ಷ ಸಮೇತ ಹಾಕುವ ಪದ್ಧತಿ ಇದೆ. ಆ ಕಾಲದ ರೆಕಾರ್ಡು ಕಂಪನಿಗಳಿಗೆ ಅಂಥ ಪದ್ಧತಿ ಇರಲಿಲ್ಲ, ಹತ್ತು ವರ್ಷದ ಬಳಿಕ ಅಚ್ಚಾದ ಪ್ರತಿಯ ಕವರಿನಲ್ಲೂ ಹಳೆಯ ವರ್ಷವೇ ಉಳಿಯುತ್ತಿತ್ತು. ಲೇಬಲ್ಲಿನ ಬಣ್ಣ, ಗುರುತು, ವಿಳಾಸ ನೋಡಿ ಕಾಲ ಹೇಳುವ ವಿದ್ಯೆ ಬೆಳೆದದ್ದೇ ಇದರಿಂದ.

ಹಿಂದಿನ ಮಾಲೀಕರು ಯಾರೋ ಹೊಸ ಲೇಬಲ್ ಅಂಟಿಸಿರಬಹುದು ಎಂಬುದು ಎರಡನೆಯ ಉತ್ತರ. ರೆಕಾರ್ಡು ಮಾರುವವರಿಂದ ಈ ಮಾತು ಬಂದದ್ದು ನನಗೆ ನಿಜಕ್ಕೂ ಬೇಸರ ತಂದಿತು. ಎಲ್‌ಪಿಯ ಲೇಬಲ್ಲಿಗೆ ಗೋಂದು ಹಚ್ಚುವುದಿಲ್ಲ. ಒಣಗಿಸಿದ ಕಾಗದದ ಲೇಬಲ್ಲನ್ನು ಬಿಸಿ ವಿನೈಲ್ ಮುದ್ದೆಯ ಮೇಲೊಂದು, ಕೆಳಗೊಂದು ಇಟ್ಟು ಯಂತ್ರದಲ್ಲಿ ಒತ್ತುತ್ತಾರೆ. ತೋಡುಗಳು ಮೂಡುವ ಆ ಒಂದೇ ಒತ್ತಿಗೆ ಕಾಗದವೂ ವಿನೈಲಿನಲ್ಲಿ ಬೆಸೆದುಹೋಗುತ್ತದೆ. ನನ್ನ ಪ್ರತಿಯ ಲೇಬಲ್ಲಿನ ಅಂಚಿನಲ್ಲಿ ಉಗುರು ಆಡಿಸಿದರೆ ಎಲ್ಲಿಯೂ ಏಣು ಸಿಗುವುದಿಲ್ಲ.

ನ್ಯಾಯವಾಗಿ ಒಂದು ಮಾತನ್ನು ನಾನೇ ಹೇಳಬೇಕು. ಕಾರ್ಖಾನೆಗಳು ಉಳಿದ ಲೇಬಲ್ಲುಗಳನ್ನು ಎಸೆಯದೆ ಮುಗಿಯುವ ತನಕ ಬಳಸುತ್ತಿದ್ದುದರಿಂದ ಹಳೆಯ ಲೇಬಲ್ ಕೆಲವು ತಿಂಗಳು ಹೆಚ್ಚು ಬಾಳಿರುವುದುಂಟು, ಹಾಗಾಗಿ ಹಸಿರು ನೀಲಿ ಲೇಬಲ್ ಕಂಡ ಮಾತ್ರಕ್ಕೆ ಮೊದಲ ವಾರದ ಪ್ರತಿಯೆಂದು ನಾನೂ ಹಟ ಹಿಡಿಯಲಾರೆ. ಆದರೆ ಈ ವಿನಾಯಿತಿ ಒಂದೇ ದಿಕ್ಕಿನದು: ಹಳೆಯ ಲೇಬಲ್ ಮುಂದಿನ ಕಾಲಕ್ಕೆ ದಾಟಬಹುದು, ಮುಂದೆ ಬರಲಿರುವ ವಿಳಾಸ ಹಿಂದಿನ ಕಾಲಕ್ಕೆ ಹೋಗದು.

‘ಓಟಿಸ್ ಬ್ಲೂ’ ವಿಷಯದಲ್ಲಿ ಇಷ್ಟು ಪರೀಕ್ಷೆಯೂ ಬೇಕಿಲ್ಲ. ಜಾಲತಾಣದ ಚಿತ್ರದಲ್ಲಿ ಕವರಿನ ಮೇಲೆ ವೋಲ್ಟ್ ಗುರುತಿತ್ತು; ಮನೆಗೆ ಬಂದ ಪ್ರತಿಯ ಕವರಿನ ಮೇಲೂ ಹಳದಿ ಲೇಬಲ್ಲಿನ ಮೇಲೂ ಆಟ್ಕೋ ಎಂದಿದೆ. ವೋಲ್ಟ್ ಎಂಬುದು ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಉಪಬ್ರಾಂಡ್, ಆಟ್ಕೋ ಎಂಬುದು ಅಟ್ಲಾಂಟಿಕ್‌ನದು. ಸ್ಟ್ಯಾಕ್ಸ್ ರೆಕಾರ್ಡುಗಳನ್ನು ಹಂಚುತ್ತಿದ್ದ ಅಟ್ಲಾಂಟಿಕ್ ಜೊತೆಗಿನ ಸಂಬಂಧ 1968ರ ಮೇ ತಿಂಗಳಲ್ಲಿ ಕಡಿದುಹೋದಾಗ, ಹಳೆಯ ಕರಾರಿನ ಪ್ರಕಾರ ಅದುವರೆಗೆ ಅಟ್ಲಾಂಟಿಕ್ ಹಂಚಿದ್ದ ಧ್ವನಿಮುದ್ರಣಗಳ ಒಡೆತನ ಅದಕ್ಕೇ ಹೋಯಿತು. ಸ್ಟ್ಯಾಕ್ಸ್ ಚಿಟಿಕೆ ಹೊಡೆಯುವ ಬೆರಳುಗಳ ಹೊಸ ಗುರುತು ಹಾಕಿಕೊಂಡು ಬರಿಗೈಯಲ್ಲಿ ಮತ್ತೆ ಶುರು ಮಾಡಬೇಕಾಯಿತು, ರೆಡಿಂಗ್ ಅವರ ಹಳೆಯ ಎಲ್‌ಪಿಗಳು ಆಟ್ಕೋ ಹೆಸರಿನಲ್ಲಿ ಮತ್ತೆ ಅಚ್ಚಾದವು. ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು 1967ರ ಡಿಸೆಂಬರ್ 10ರಂದು. ತಾವು 1965ರದ್ದೆಂದು ಕಳಿಸಿದ ಈ ಪ್ರತಿ ಅಚ್ಚಾಗುವ ಹೊತ್ತಿಗೆ ಹಾಡಿದವರೇ ಇರಲಿಲ್ಲ.

ಮರುಮುದ್ರಣದ ಬಗ್ಗೆ ನನಗೆ ತಾತ್ಸಾರವಿಲ್ಲ. ಎರಡೂ ರೆಕಾರ್ಡುಗಳು ಚೆನ್ನಾಗಿಯೇ ನುಡಿಯುತ್ತವೆ. ‘ಮರುಮುದ್ರಣ’ ಎಂದೇ ಬರೆದು ಅದಕ್ಕೆ ತಕ್ಕ ಬೆಲೆ ಹೇಳಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ತಾವು ಬೆಲೆ ಕಟ್ಟಿದ್ದು ವರ್ಷಕ್ಕೆ, ಆ ವರ್ಷವೇ ಸುಳ್ಳಾಗಿದೆ. ಫ್ರಾಂಕ್ಲಿನ್ ರೆಕಾರ್ಡಿನ ಮಾರಾಟದ ಪುಟದಲ್ಲಿ ಕವರಿನ ನಾಲ್ಕು ಚಿತ್ರಗಳಿದ್ದವು, ಲೇಬಲ್ಲಿನದು ಒಂದೂ ಇರಲಿಲ್ಲ ಎಂಬುದನ್ನೂ ಗಮನಿಸಬೇಕೆಂದು ಕೋರುತ್ತೇನೆ.

ಆದ್ದರಿಂದ ಎರಡು ರೆಕಾರ್ಡುಗಳ ಬೆಲೆ 26,300 ರೂಪಾಯಿಯನ್ನೂ ಕೊರಿಯರ್ ವೆಚ್ಚ 350 ರೂಪಾಯಿಯನ್ನೂ ಮರಳಿಸಿ, ತಮ್ಮದೇ ಖರ್ಚಿನಲ್ಲಿ ರೆಕಾರ್ಡುಗಳನ್ನು ವಾಪಸು ತರಿಸಿಕೊಳ್ಳಬೇಕು. ಅವುಗಳನ್ನು ಮತ್ತೆ ಮಾರಾಟಕ್ಕಿಡುವುದಾದರೆ ವಿವರ ತಿದ್ದಿ ಲೇಬಲ್ಲಿನ ಚಿತ್ರ ಹಾಕಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ಪರಿಹರಿಸುವುದು ತಮ್ಮ ಹೊಣೆ. ಅಷ್ಟರಲ್ಲಿ ಇತ್ಯರ್ಥವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬೇಕಾಗುತ್ತದೆ.

ಬಿಲ್ಲಿನ ಪ್ರತಿ, ತಮ್ಮ ಮಾರಾಟದ ಪುಟದ ಸ್ಕ್ರೀನ್‌ಶಾಟ್, ಎರಡು ರೆಕಾರ್ಡುಗಳ ನಾಲ್ಕೂ ಲೇಬಲ್ಲುಗಳ ಫೋಟೊ ಲಗತ್ತಿಸಿದ್ದೇನೆ. ರೆಕಾರ್ಡುಗಳನ್ನು ತಾವು ಕಳಿಸಿದ ಪೆಟ್ಟಿಗೆಯಲ್ಲೇ ಕಟ್ಟಿ ಇಟ್ಟಿದ್ದೇನೆ. ಕೊರಿಯರಿನವರನ್ನು ಸಂಜೆ ಐದರ ನಂತರ ಕಳಿಸಿದರೆ ಅನುಕೂಲ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
(ಸಹಿ)