ಚೀಲಕ್ಕೆ 40 ಪೈಸೆ ಏಕೆ? ಅಕ್ಕಿ ಮಿಲ್ಲಿನ ಗ್ರಾಹಕರಿಗೆ ಲಾರಿ ಮಾಲೀಕರ ಸಹಕಾರ ಸಂಘದ ಪತ್ರ

ಕಾರಟಗಿ, 10 ಏಪ್ರಿಲ್ 2024

ಮಾನ್ಯರೇ,

ಮಾರ್ಚ್ ಬಿಲ್ಲುಗಳಲ್ಲಿ ‘ಇತರೆ’ ಎಂದು ಬರೆದು ಚೀಲಕ್ಕೆ 40 ಪೈಸೆ ಹಾಕಿದ್ದೆವು. ಮೊದಲೇ ಹೇಳದೆ ಹಾಗೆ ಹಾಕಿದ್ದು ನಮ್ಮ ತಪ್ಪು. ಆ ಮೊತ್ತವನ್ನು ಏಪ್ರಿಲ್ ಬಿಲ್ಲಿನಲ್ಲಿ ಮುರಿದುಕೊಡುತ್ತೇವೆ, ಯಾರೂ ಕೇಳಿಕೊಂಡು ಬರಬೇಕಿಲ್ಲ. ಆದರೆ 40 ಪೈಸೆಯನ್ನೇ ಕೈಬಿಡಲು ಆಗದು. ಇನ್ನು ಮುಂದೆ ಅದು ಬಿಲ್ಟಿಯಲ್ಲಿ (ಸರಕು ಸಾಗಣೆಯ ರಸೀದಿಯಲ್ಲಿ) ‘ಕಾರ್ಮಿಕ ಪರಿಹಾರ ವಿಮೆ’ ಎಂಬ ತನ್ನ ಹೆಸರಿನಲ್ಲೇ ಇರುತ್ತದೆ. 50 ಕೆಜಿಯ 360 ಚೀಲಕ್ಕೆ, ಅಂದರೆ 18 ಟನ್ ಲೋಡಿಗೆ, 144 ರೂಪಾಯಿ.

‘ಲಾರಿಗೆ ಇನ್ಶೂರೆನ್ಸ್ ಇದ್ದೇ ಇದೆಯಲ್ಲ, ಮತ್ತೆ ಇದೇನು?’ ತಿಂಗಳಿಂದ ಫೋನಿನಲ್ಲಿ, ತೂಕದ ಕಾಟಾ ಹತ್ತಿರ, ಗೋದಾಮಿನ ಬಾಗಿಲಲ್ಲಿ ಕೇಳಿದ ಮಾತು ಇದೊಂದೇ. ಲಾರಿಯವರು ದುಡ್ಡು ಹೊಡೆಯಲು ಹೊಸ ದಾರಿ ಹುಡುಕಿದ್ದಾರೆ ಅಂತಲೂ ಕೇಳಿದ್ದೇವೆ. ಲಾರಿ ಪಾಲಿಸಿ ತೆಗೆದು ನೋಡಿ. ಡ್ರೈವರ್, ಕ್ಲೀನರ್ ಹೊಣೆಗೆ ತಲೆಗೆ 50 ರೂಪಾಯಿ ಕಟ್ಟಿದ ಸಾಲು ಅದರಲ್ಲಿದೆ, ಎಷ್ಟು ಜನ ಎಂಬ ಸಂಖ್ಯೆಯೂ ಇದೆ. ಲೋಡು ಹತ್ತಿಸುವವರನ್ನೂ ಅದೇ ದರಕ್ಕೆ ಸೇರಿಸಬಹುದು, ನಿಜ. ಆದರೆ ಅವರು ಆ ಲಾರಿ ಮಾಲೀಕನ ಕೆಲಸಗಾರರಾಗಿರಬೇಕು. ನಮ್ಮ ಹಮಾಲಿ ಗ್ಯಾಂಗು ಬೆಳಗಿನಿಂದ ಸಂಜೆಯೊಳಗೆ ಹಲವು ಮಾಲೀಕರ ಲಾರಿ ತುಂಬುತ್ತದೆ. ಅವರನ್ನು ಗುತ್ತಿಗೆದಾರನಾದ ಮೇಸ್ತ್ರಿ ಮೂಲಕ ಕರೆಸುವುದು ಸಂಘ. ಕಾರ್ಮಿಕ ಪರಿಹಾರದ ಕಾನೂನಿನ ಪ್ರಕಾರ ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಕೆಲಸ ಕೊಟ್ಟವರೂ, ಅಂದರೆ ನಾವೂ, ಪರಿಹಾರ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಮೇಸ್ತ್ರಿಯಿಂದ ಹದಿನೈದು ಲಕ್ಷ ವಸೂಲು ಮಾಡುವುದು ಕಾಗದದ ಮೇಲಿನ ಮಾತು.

ಪೆಟ್ಟಾಗುವುದು ರಸ್ತೆಯಲ್ಲಿ ಮಾತ್ರವಲ್ಲ. ಕೊನೆಯ ಸಾಲು ಚೀಲದ ಮೇಲೆ ನಿಂತು ತಾಡಪತ್ರಿ ಬಿಗಿಯುವಾಗ ಹಳೆಯ ಹಗ್ಗ ಹರಿದರೆ, ಜಗ್ಗುತ್ತಿದ್ದವನು ಹಿಂದಕ್ಕೆ, ಬೆನ್ನಡಿಯಾಗಿ ಬೀಳುತ್ತಾನೆ. ಮಳೆಯಲ್ಲಿ ನೆನೆದ ಹಲಗೆ ಜಾರುತ್ತದೆ. ಕೊಂಡಿ ಸರಿಯಾಗಿ ಕೂರದ ಲಾರಿಯ ಹಿಂಬಾಗಿಲು (ಡಾಲಾ) ಕೈ ಮೇಲೆ ಬೀಳುತ್ತದೆ.

ಮೊತ್ತದ ಲೆಕ್ಕ ಹೀಗೆ. ಕೆಲಸಗಾರ ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 35 ವರ್ಷಕ್ಕೆ ಗುಣಕ 197.06, 40ಕ್ಕೆ 184.17. ಎಷ್ಟೇ ಕೂಲಿ ಇರಲಿ, ಲೆಕ್ಕಕ್ಕೆ ಹಿಡಿಯುವ ಮಿತಿ ಮೊದಲು 8,000 ಇತ್ತು, 2020ರ ಜನವರಿ 3ರಿಂದ 15,000. ಹಾಗಾಗಿ 35ರ ಹಮಾಲಿಗೆ 7,88,240 ಇದ್ದದ್ದು 14,77,950 ಆಯಿತು. ಪೂರ್ತಿ, ಶಾಶ್ವತ ಅಂಗವೈಕಲ್ಯವಾದರೆ ಅರ್ಧದ ಬದಲು ಶೇ. 60, ಅಂದರೆ 17,73,540. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಮೇಲೆ ಶೇ. 50ರವರೆಗೆ ದಂಡ, ಅದನ್ನು ವಿಮಾ ಕಂಪನಿ ಕಟ್ಟುವುದಿಲ್ಲ.

ಇಲ್ಲಿಯವರೆಗೆ ನಾವು ಡ್ರೈವರ್, ಕ್ಲೀನರ್, ಗ್ಯಾರೇಜಿನವರಿಗೆ ಮಾತ್ರ, ಅದೂ 8,000 ಕೂಲಿ ತೋರಿಸಿ, ಪಾಲಿಸಿ ಮಾಡಿಸುತ್ತಿದ್ದೆವು. ಪ್ರೀಮಿಯಂ ನಮ್ಮ ಕಮಿಷನ್ನಿನಿಂದಲೇ ಹೋಗುತ್ತಿತ್ತು, ನಿಮಗೆ ಒಂದು ಪೈಸೆ ಹಾಕಿರಲಿಲ್ಲ. ಕೂಲಿ ಕಡಿಮೆ ತೋರಿಸಿದ್ದರೆ ಕ್ಲೇಮು ಬಂದ ದಿನ ಕಂಪನಿ ಅದನ್ನೇ ಹಿಡಿದು ಮೊತ್ತ ಕತ್ತರಿಸುತ್ತದೆ. ಈ ವರ್ಷ ಇರುವ ಕೂಲಿಯನ್ನೇ ತೋರಿಸಿದ್ದೇವೆ, ಗುತ್ತಿಗೆ ಹಮಾಲಿಗಳನ್ನೂ ಸೇರಿಸಿದ್ದೇವೆ. ಪ್ರೀಮಿಯಂ ನಿಲ್ಲುವುದೇ ಒಟ್ಟು ಕೂಲಿಯ ಮೇಲೆ, ಆದ್ದರಿಂದ ಏರಿತು. ಅದರ ಮೇಲೆ ಶೇ. 18 ಜಿಎಸ್‌ಟಿ. ನಮ್ಮ ಬಿಲ್ಲು ಶೇ. 5ರ ರಿವರ್ಸ್ ಚಾರ್ಜಿನದು, ಅಂದರೆ ಬಾಡಿಗೆಯ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವವರು ನೀವು, ಹಾಗಾಗಿ ಆ 18ರಲ್ಲಿ ಒಂದು ರೂಪಾಯಿಯೂ ನಮಗೆ ವಾಪಸ್ ಬರುವುದಿಲ್ಲ. ಇದನ್ನು ಬಿಲ್ಟಿಯಲ್ಲಿ ಯಾರೂ ಕಾಣುವುದಿಲ್ಲ, 40 ಪೈಸೆ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ.

ನಿಮ್ಮ ಮಿಲ್ಲಿನ ಹಮಾಲಿಗಳೇ ಲೋಡು ತುಂಬುವುದಾದರೆ, ಅವರ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಅಥವಾ ಪಾಲಿಸಿಯ ಪ್ರತಿ ಕೊಡಿ. ಆ ಲೋಡಿಗೆ 40 ಪೈಸೆ ಹಾಕುವುದಿಲ್ಲ. ಎರಡೂ ಇಲ್ಲದಿದ್ದರೆ ಅವರನ್ನು ನಮ್ಮ ಲಾರಿ ಮೇಲೆ ಹತ್ತಿಸಬೇಡಿ. ಈ ವಿಷಯದಲ್ಲಿ ಡ್ರೈವರ್ ಜೊತೆ ಜಗಳವಾಡಬೇಡಿ, ಅವನಿಗೆ ನಾವೇ ಹೇಳಿ ಕಳಿಸಿದ್ದೇವೆ.

ಅವಘಡವಾದರೆ ಮೊದಲು ಆಸ್ಪತ್ರೆ, ಅದೇ ದಿನ ನಮಗೆ ಫೋನು. ಬಿಲ್ಟಿ ನಂಬರು, ಲಾರಿ ನಂಬರು, ಆ ಹೊತ್ತಿಗೆ ಅಲ್ಲಿದ್ದ ಇಬ್ಬರ ಹೆಸರು ಬರೆದಿಡಿ. ದಯವಿಟ್ಟು ಮನೆಯವರ ಕೈಗೆ ನೋಟಿನ ಕಟ್ಟು ಕೊಟ್ಟು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಳ್ಳಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಡುವ ಬರಹ ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಾವಿನ ಪರಿಹಾರವನ್ನು ಕಾರ್ಮಿಕ ಪರಿಹಾರದ ಸರ್ಕಾರಿ ಅಧಿಕಾರಿ ಬಳಿ ಠೇವಣಿ ಇಡಬೇಕು. ನೇರವಾಗಿ ಕೊಟ್ಟದ್ದರಲ್ಲಿ ಮೂರು ತಿಂಗಳ ಕೂಲಿಯಷ್ಟು ಮುಂಗಡ ಬಿಟ್ಟರೆ ಉಳಿದದ್ದು ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಕಟ್ಟಬೇಕಾಗುತ್ತದೆ. ‘ಕುಡಿದಿದ್ದ’ ಎಂದು ಕೈತೊಳೆದುಕೊಳ್ಳುವ ದಾರಿಯೂ ಸಾವಿಗೆ, ಪೂರ್ತಿ ಅಂಗವೈಕಲ್ಯಕ್ಕೆ ಇಲ್ಲ.

ವರ್ಷದ ಕೊನೆಗೆ ಕೂಲಿ ರಿಜಿಸ್ಟರ್ ನೋಡಿ ಕಂಪನಿ ಪ್ರೀಮಿಯಂ ಸರಿಹೊಂದಿಸುತ್ತದೆ. ಹಣ ವಾಪಸ್ ಬಂದರೆ ಚೀಲದ ಲೆಕ್ಕದಲ್ಲಿ ನಿಮ್ಮ ಖಾತೆಗೆ ಜಮಾ ಮಾಡುತ್ತೇವೆ. ಹೆಚ್ಚು ಕಟ್ಟಬೇಕಾಗಿ ಬಂದರೆ ಅದು ನಮ್ಮ ತಲೆಗೆ, ನಿಮ್ಮನ್ನು ಕೇಳುವುದಿಲ್ಲ. ಪಾಲಿಸಿಯ ಪ್ರತಿ ಬುಕಿಂಗ್ ಕೌಂಟರಿನ ಗೋಡೆಗೆ ಹಚ್ಚಿದ್ದೇವೆ. ಯಾರು ಬೇಕಾದರೂ ಬಂದು ಓದಿ. ಸಂಜೆ ಆರರ ಮೇಲೆ ಬಂದರೆ ಕೂತು ಲೆಕ್ಕ ಹಾಕೋಣ, ಚಹಾ ನಮ್ಮದು.

ಇಂತಿ ನಿಮ್ಮ,
ಕಾರ್ಯದರ್ಶಿ