ಹೊಸ ನಾಣ್ಯದ ಪ್ಯಾಕೆಟ್ಟಿಗೆ ಹೆಚ್ಚು ಹಣ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಬ್ಯಾಂಕಿಗೆ ಹೊಸದಾಗಿ ಬಂದ 20 ರೂಪಾಯಿ ನಾಣ್ಯಗಳ ಪ್ಯಾಕೆಟ್ಟುಗಳನ್ನು ಸೀಲು ಒಡೆಯದೆ ತಂದು, ‘ಹತ್ತು ವರ್ಷ ಇಟ್ಟರೆ ನಾಲ್ಕು ಪಟ್ಟು’ ಎಂದು ಮುಖಬೆಲೆಗಿಂತ ಮೂವತ್ತು ನಲವತ್ತು ಪರ್ಸೆಂಟ್ ಜಾಸ್ತಿಗೆ ಮಾರುವ ವ್ಯಾಪಾರ ದಾವಣಗೆರೆ, ಚಿತ್ರದುರ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜೋರಾಗಿದೆ. ಕೊಳ್ಳುತ್ತಿರುವವರಲ್ಲಿ ನಾಣ್ಯ ಸಂಗ್ರಹದ ಹವ್ಯಾಸಿಗಳಿಗಿಂತ ಮಕ್ಕಳ ಹೆಸರಿನಲ್ಲಿ ನಾಲ್ಕು ಕಾಸು ಕೂಡಿಡಲು ಹೊರಟವರೇ ಹೆಚ್ಚು. ಈ ಪತ್ರ ಅವರಿಗಾಗಿ.

ಮೊದಲು ಲೆಕ್ಕ ನೋಡೋಣ. 100 ನಾಣ್ಯಗಳ ಪ್ಯಾಕೆಟ್ಟಿನ ಮುಖಬೆಲೆ ₹2,000. ಅದನ್ನು ₹2,800ಕ್ಕೆ ಕೊಂಡಿರಿ ಎನ್ನಿ. ಅದೇ ಹಣವನ್ನು ಶೇ 7ರ ಬಡ್ಡಿಗೆ ಎಫ್‌ಡಿ ಇಟ್ಟರೆ 10 ವರ್ಷಕ್ಕೆ ಸುಮಾರು ₹5,500 ಆಗುತ್ತದೆ. ಅಂದರೆ ಬಡ್ಡಿಯ ಮಟ್ಟಕ್ಕೆ ಬರಬೇಕಾದರೂ ಒಂದೊಂದು ನಾಣ್ಯಕ್ಕೆ ₹55 ನಿಮ್ಮ ಕೈಗೆ ಸಿಗಬೇಕು. ಡೀಲರ್ ತಾನು ಮಾರುವ ದರಕ್ಕೇ ನಿಮ್ಮಿಂದ ಕೊಳ್ಳುವುದಿಲ್ಲ. ಬಾಡಿಗೆ, ಖರ್ಚಾಗದೆ ಕೂರುವ ಸರಕು, ತನ್ನ ಲಾಭ ಎಲ್ಲ ಕಳೆದು ಅರ್ಧದ ಆಸುಪಾಸು ಕೊಟ್ಟಾನು. ನೂರನ್ನೂ ಒಟ್ಟಿಗೆ ತಂದು ಸುರಿದರೆ ಅದಕ್ಕೂ ಕಡಿಮೆ. ಹಾಗಾಗಿ ಆ ನಾಣ್ಯ ಅಂಗಡಿಯಲ್ಲಿ ₹110ಕ್ಕೆ ಬಿಕರಿಯಾಗುವ ಕಾಲ ಬಂದಾಗ ಮಾತ್ರ ನೀವು ಎಫ್‌ಡಿ ಇಟ್ಟವರಿಗೆ ಸಮ. ಆನ್‌ಲೈನಿನಲ್ಲಿ ನೀವೇ ಮಾರಿದರೂ ಕಮಿಷನ್, ಪ್ಯಾಕಿಂಗ್, ಮುಕ್ಕಾಲು ಕೆಜಿ ದಾಟುವ ಪಾರ್ಸಲ್ಲಿನ ಖರ್ಚು ತಪ್ಪದು.

ಅಷ್ಟು ಬೆಲೆ ಬರುತ್ತದೆಯೇ? ನಾಣ್ಯಕ್ಕೆ ಬೆಲೆ ಬರುವುದು ಎಷ್ಟು ಅಚ್ಚಾದವು ಎಂಬುದರಿಂದಷ್ಟೇ ಅಲ್ಲ, ಕೈ ತಾಗದೆ ಎಷ್ಟು ಉಳಿದವು ಎಂಬುದರಿಂದ. ಎಲ್ಲರೂ ಎತ್ತಿಟ್ಟ ನಾಣ್ಯ ಎಂದೂ ವಿರಳವಾಗುವುದಿಲ್ಲ. ಅಮೆರಿಕದಲ್ಲಿ ಇದು ಎರಡು ಸಲ ಕಣ್ಣಿಗೆ ಕಟ್ಟಿದಂತೆ ನಡೆದುಹೋಗಿದೆ. 1950ರಲ್ಲಿ ಡೆನ್ವರ್ ಟಂಕಸಾಲೆ ಅಚ್ಚುಹಾಕಿದ ಐದು ಸೆಂಟಿನ ನಾಣ್ಯ ಬರೀ 26.3 ಲಕ್ಷ. ಕಡಿಮೆ ಎಂಬ ಸುದ್ದಿ ಹರಡಿದ್ದೇ ತಡ, ಜನ ರೋಲುಗಟ್ಟಲೆ (ನಾಣ್ಯ ಸುತ್ತಿಟ್ಟ ಸುರುಳಿ) ಬಚ್ಚಿಟ್ಟರು. 1960ರ ದಶಕದ ಮೊದಲ ವರ್ಷಗಳಲ್ಲಿ ದರ ಗಗನಕ್ಕೇರಿ, ಆಮೇಲೆ ಕುಸಿಯಿತು. ಬಚ್ಚಿಟ್ಟ ಸರಕು ಪೇಟೆಯಲ್ಲಿ ಧಾರಾಳವಾಗಿ ಇದ್ದದ್ದೇ ಕಾರಣ. ಇವತ್ತಿಗೂ ಆ ನಾಣ್ಯ ಚಲಾವಣೆಯಾಗದ ಸ್ಥಿತಿಯಲ್ಲೇ ಸಲೀಸಾಗಿ ಸಿಗುತ್ತದೆ. 1999ರಿಂದ 2008ರವರೆಗೆ 50 ರಾಜ್ಯಗಳ ಹೆಸರಿನಲ್ಲಿ ಬಂದ ಕಾಲು ಡಾಲರ್ ನಾಣ್ಯಗಳು 3,400 ಕೋಟಿಗೂ ಹೆಚ್ಚು. 40 ನಾಣ್ಯದ, 10 ಡಾಲರ್ ಮುಖಬೆಲೆಯ ಆ ರೋಲುಗಳಲ್ಲಿ ಬಹುಪಾಲು ಇಂದಿಗೂ ಮುಖಬೆಲೆಯ ಆಸುಪಾಸಿನಲ್ಲೇ ನಿಂತಿವೆ.

ನಮ್ಮಲ್ಲೂ ಅಷ್ಟೇ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ರೂಪಾಯಿ ಎಂಬ ಮಾತು ವರ್ಷಗಳಿಂದ ತಿರುಗುತ್ತಿದೆ. ಆದರೆ ಆ ₹5, ₹10ರ ನಾಣ್ಯಗಳು ಚಿಲ್ಲರೆಯಲ್ಲಿ ಧಾರಾಳವಾಗಿ ಓಡಾಡಿದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ದೊರೆತ ಸಾತವಾಹನರ ಕಾಲದ ಸೀಸದ ನಾಣ್ಯಗಳ ಕತೆಯೇ ಬೇರೆ: ಸವೆದು, ಕರಗಿ, ಕಳೆದುಹೋಗಿ ಉಳಿದ ಕೆಲವಷ್ಟೇ ಅವು. ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. 2006ರಲ್ಲಿ ಬಸವೇಶ್ವರರ ಸ್ಮರಣೆಗೆ ₹5 ಮತ್ತು ₹100ರ ನಾಣ್ಯಗಳು ಬಂದವು. ಐದರದ್ದು ಚಲಾವಣೆಗೆ ಬಂದದ್ದು. ನೂರರದ್ದು ಟಂಕಸಾಲೆ ಸಂಗ್ರಾಹಕರಿಗೆಂದೇ ಮಾರಿದ್ದು. 2023ರ ಹೊಸ ಸಂಸತ್ ಭವನದ ₹75ರ ನಾಣ್ಯವೂ ಈ ಎರಡನೇ ಜಾತಿಯದು. 35 ಗ್ರಾಂ ತೂಕದಲ್ಲಿ ಅರ್ಧ ಬೆಳ್ಳಿ ಇರುವುದರಿಂದ ಅದಕ್ಕೆ ಲೋಹದ ಬೆಲೆಯ ಆಸರೆಯಾದರೂ ಇದೆ. ಅಂಥ ನಾಣ್ಯದ ದರ ತೋರಿಸಿ 20ರ ಪ್ಯಾಕೆಟ್ ಮಾರುವುದು ಶುದ್ಧ ಮೋಸ.

ಇಷ್ಟಾದರೂ ಆಸೆಯಿಂದ ಇಟ್ಟುಕೊಳ್ಳುವವರು ಮುಖಬೆಲೆಗೆ ಬ್ಯಾಂಕಿನಲ್ಲೇ ತನ್ನಿ. ಹೊರಗೆ ಕೊಳ್ಳುವುದೇ ಆದರೆ ಮೊದಲು ತೂಗಿ: 20ರ ನಾಣ್ಯ 8.54 ಗ್ರಾಂ, ನೂರಕ್ಕೆ ಕವರಿನ ಹೊರತು 854 ಗ್ರಾಂ. ನಾಲ್ಕೈದು ಗ್ರಾಂ ಆಚೀಚೆ ಆಗಬಹುದು, ಎಂಟು ಗ್ರಾಂ ಕಡಿಮೆಯಿದ್ದರೆ ಒಂದು ನಾಣ್ಯ ಇಲ್ಲವೆಂದು ಅನುಮಾನಿಸಿ. ಆಮೇಲೆ ಸೀಲಿನ ಗೆರೆ ನೋಡಿ. ಒಂದರ ಪಕ್ಕ ಇನ್ನೊಂದು ಗೆರೆಯಿದ್ದರೆ ಒಡೆದು ಮತ್ತೆ ಬಿಸಿ ಮಾಡಿ ಅಂಟಿಸಿರಬಹುದು. ಹೊರಗೆ ಕಾಣುವಲ್ಲಿ ಹೊಳೆಯುವ ನಾಣ್ಯ ಇಟ್ಟು ನಡುವೆ ಬಳಸಿದ್ದನ್ನು ತುಂಬುವುದು ಹಳೆಯ ಕೈಚಳಕ. ಇಸವಿಯ ಬಳಿ ಇರುವ ಟಂಕಸಾಲೆಯ ಗುರುತನ್ನು ಭೂತಗನ್ನಡಿಯಲ್ಲಿ ನೋಡಿ: ನೋಯ್ಡಾಕ್ಕೆ ಚುಕ್ಕೆ, ಹೈದರಾಬಾದಿಗೆ ನಕ್ಷತ್ರ, ಮುಂಬೈಗೆ ವಜ್ರಾಕೃತಿ, ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಒಂದೇ ಪ್ಯಾಕೆಟ್ಟಿನಲ್ಲಿ ಎರಡು ಗುರುತು ಕಂಡರೆ ಕಲಬೆರಕೆಯೆಂದು ಅನುಮಾನಿಸಿ.

ಸೀಲು ಗಟ್ಟಿಯಿದೆ ಎಂದ ಮಾತ್ರಕ್ಕೆ ಒಳಗಿನ ನೂರೂ ಒಂದೇ ದರ್ಜೆಯವಲ್ಲ. ಟಂಕಸಾಲೆಯ ಯಂತ್ರದಲ್ಲಿ ಎಣಿಕೆಯಾಗಿ ಚೀಲಕ್ಕೆ ಬೀಳುವಾಗಲೇ ಒಂದಕ್ಕೊಂದು ಬಡಿಯುತ್ತವೆ. 12 ಮೂಲೆಗಳ ಈ ನಾಣ್ಯದ ಮೂಲೆ ಪಕ್ಕದ ನಾಣ್ಯದ ಹಳದಿ ನಡುಭಾಗಕ್ಕೆ ತಾಗಿ ಉಗುರು ಗೀರಿದಂಥ ಗೆರೆ ಮೂಡಿಸುತ್ತದೆ. ಸಂಗ್ರಾಹಕರು ಹೆಚ್ಚು ದುಡ್ಡು ಕೊಡುವುದು ಆ ಗೆರೆಯಿಲ್ಲದ್ದಕ್ಕೆ ಮಾತ್ರ. ಕೈಬೆವರು ತಾಗಿದರೆ ನಡುವಿನ ನಿಕ್ಕಲ್ ಹಿತ್ತಾಳೆ ಕಂದುತ್ತದೆ, ಬೆರಳಚ್ಚು ಹಾಗೇ ಕೂರುತ್ತದೆ. ಅಂಚು ಹಿಡಿದೇ ಎತ್ತಬೇಕು. ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ಹಸಿರು ಜಿಡ್ಡು ಕಟ್ಟುತ್ತದೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಲೋಹವನ್ನು ಕಪ್ಪಾಗಿಸುತ್ತದೆ. ಪಾಲಿಪ್ರೊಪಿಲೀನ್ ಕವರು, ಜೊತೆಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಒಣ ಕಪಾಟು ಸಾಕು. ಹುಣಸೆಹಣ್ಣು, ಪೀತಾಂಬರಿ ಪುಡಿ ಮುಟ್ಟಿಸಲೇಬೇಡಿ. ಉಜ್ಜಿದ ನಾಣ್ಯ ಎಷ್ಟೇ ಫಳಫಳ ಎಂದರೂ ತಿಳಿದವರು ಮುಖಬೆಲೆಗಿಂತ ಹೆಚ್ಚು ಕೊಡರು.

ಮಾರಾಟವಾಗದೆ ಉಳಿದರೆ? 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಂದು ಪಾವತಿಗೆ ₹1,000ದವರೆಗೆ ಮಾತ್ರ ಕಾನೂನಿನ ಮಾನ್ಯತೆ. ಅದರ ಮೇಲೆ ಅಂಗಡಿಯವರು ಬೇಡವೆನ್ನಬಹುದು. ಹತ್ತರ ನಾಣ್ಯವನ್ನೇ ಬೇಡವೆನ್ನುವವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಬ್ಯಾಂಕ್ ಖಾತೆಗೆ ಕಟ್ಟಲು ಇಂಥ ಮಿತಿ ಇಲ್ಲ. ಹಾಗಾಗಿ ₹2,000 ಮುಳುಗದು, ಮೇಲೆ ಕೊಟ್ಟ ₹800 ಮುಳುಗುತ್ತದೆ.

‘ನಿಮ್ಮ ನಾಣ್ಯ ನಾವು ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎನ್ನುವವರ ಬಗ್ಗೆ ಇಷ್ಟೇ ಸಾಕು: ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಕಮಿಷನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ ನಮ್ಮ ಬ್ಯಾಂಕುಗಳಲ್ಲಿ ಒಂದು ವಿನಂತಿ. ನಾಣ್ಯ ವಿತರಣೆಗೆ ಚೀಲವೊಂದಕ್ಕೆ ಕೊಡುತ್ತಿದ್ದ ₹25ರ ಪ್ರೋತ್ಸಾಹಧನವನ್ನು ರಿಸರ್ವ್ ಬ್ಯಾಂಕ್ 2021ರ ಸೆಪ್ಟೆಂಬರ್‌ನಿಂದ ₹65ಕ್ಕೆ ಏರಿಸಿತು. ಹೊಸ ನಾಣ್ಯ ಬಂದಾಗ ಶಾಖೆಯ ಬಾಗಿಲಲ್ಲಿ ಬೋರ್ಡು ಹಾಕಿ, ಒಬ್ಬರಿಗೆ ಒಂದೇ ಪ್ಯಾಕೆಟ್ಟಿನಂತೆ ಕೌಂಟರಿನಲ್ಲಿ ಕೊಡಲಿ. ದುರ್ಗಾಂಬಿಕಾ ಜಾತ್ರೆಗೆ ಮುಂಚೆ ಮಂಡಿಪೇಟೆ, ಚೌಕಿಪೇಟೆಯ ಸಣ್ಣ ವ್ಯಾಪಾರಿಗಳಿಗೆಂದೇ ನಾಣ್ಯ ಮೇಳವೊಂದನ್ನು ನಡೆಸಲಿ.

– ನಾಣ್ಯ ಸಂಗ್ರಾಹಕರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ