ಕೈಕತ್ತಿಯ ಗುಣ ಹೊಳಪಿನಲ್ಲಿಲ್ಲ

ಮಾನ್ಯರೇ,

ಸಕಲೇಶಪುರ, ಮೂಡಿಗೆರೆ ಕಡೆಯ ಕುಲುಮೆಗಳಲ್ಲಿ ಮಾಡಿಸುವ ಕೈಕತ್ತಿಗೆ ‘ಬೇಟೆ ಕತ್ತಿ’ ಎನ್ನುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಕತ್ತಿಯ ಕೆಲಸ ಈಗ ತೋಟಕ್ಕೆ, ಅಡುಗೆಮನೆಗೆ ಸೀಮಿತ. ಆದರೆ ಕೊಳ್ಳುವವರು ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಹೋದರೆ ಕಮ್ಮಾರನಿಗೆ ತಿದ್ದಿಕೊಳ್ಳಲು ಏನೂ ಸಿಗದು.

ಮೊದಲು ನೋಡಬೇಕಾದದ್ದು ಅಲಗು ಹಿಡಿಯನ್ನು ಸೇರುವ ಮೂಲೆ. ಅಲ್ಲಿ ಚೂಪಾದ ಒಳಮೂಲೆ ಬಿಟ್ಟಿದ್ದರೆ ಬಿರುಕು ಹುಟ್ಟುವುದೇ ಅಲ್ಲಿ. ದುಂಡಗಿನ ಅರದಿಂದ ಉಜ್ಜಿ ಬಾಗು ಕೊಡಬೇಕು. ಹತ್ತು ಸೆಂಟಿಮೀಟರ್ ಉದ್ದದ ಅಲಗಿಗೆ ಬೆನ್ನಿನ ದಪ್ಪ 3ರಿಂದ 4 ಮಿಲಿಮೀಟರ್ ಸಾಕು. ಆರು ಮಿಲಿಮೀಟರ್ ಇಟ್ಟರೆ ಅದು ಕೊಯ್ಯದು, ಸೀಳುತ್ತದೆ.

ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಒಳ್ಳೆಯ ಉಕ್ಕೇ, ಆದರೆ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಇನ್ನೂ ತುಸು ಕಾಯಲು ಬಿಟ್ಟು, ಬೆಚ್ಚನೆಯ ಎಣ್ಣೆಯಲ್ಲಿ ಅದ್ದಬೇಕು. ಈ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಭಯ ಹೆಚ್ಚು. ಅದ್ದಿದ ಮೇಲೆ ಅಂಚಿನ ಮೇಲೆ ಅರ ಜಾರಿದರೆ ಗಟ್ಟಿಯಾಗಿದೆ ಎಂದರ್ಥ, ಅಷ್ಟಕ್ಕೇ ನಿಲ್ಲಿಸಿದರೆ ಬಾಯಿ ಗಾಜಿನಂತೆ ಉದುರುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೆರಡು ಗಂಟೆ, ಎರಡು ಸಲ ಮರುಕಾಯಿಸಲೇಬೇಕು. ಆಮೇಲೆ ಸಾಣೆ ಯಂತ್ರದಲ್ಲಿ ಅಂಚು ನೀಲಿಗಟ್ಟಿದರೆ ಹದ ಹೋಯಿತು. ಎಷ್ಟು ಮಸೆದರೂ ಹರಿತ ನಿಲ್ಲದು.

ಹಿಡಿಗೆ ಹಸಿ ಮರ ಬೇಡ. ಮಲೆನಾಡಿನ ಮಳೆಗಾಲ ಕಳೆದು ಒಣಗಿದಾಗ ಕುಗ್ಗಿ, ಕೀಲು ಸಡಿಲವಾಗುತ್ತದೆ. ಕತ್ತಿ ಹಿಂತಿರುಗಿಸುವಾಗ ಬಾಯಿ ಮಡಚಿತೋ, ಚಕ್ಕೆ ಎದ್ದಿತೋ ಎಂದು ಕಮ್ಮಾರನಿಗೆ ಬಿಡಿಸಿ ಹೇಳಿ: ಮಡಚಿದ್ದರೆ ಹದ ಮೆತ್ತಗಾಗಿದೆ, ಚಕ್ಕೆ ಎದ್ದಿದ್ದರೆ ಮರುಕಾಯಿಸಿದ್ದು ಕಡಿಮೆಯಾಗಿದೆ.

– ಓದುಗ, ಸಕಲೇಶಪುರ